ಚೌಕದ ಲೋಕದಲ್ಲಿ ಗುದ್ದಲಿ, ಕುಲುಮೆ, ಪಂಜು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟವರು ಪಾವಗಡದ ದಾರಿಯನ್ನು ಹಿಡಿದರೆ ಒಮ್ಮೆ ಆಂಧ್ರವನ್ನು ಬಿಟ್ಟು ಕರ್ನಾಟಕವನ್ನು ಹೊಗಬೇಕು, ಮತ್ತೆ ಕರ್ನಾಟಕವನ್ನು ಬಿಟ್ಟು ಆಂಧ್ರಕ್ಕೆ ಮರಳಬೇಕು. ಗಡಿಯ ಫಲಕಗಳು ಬದಲಾಗುತ್ತವೆ; ಗುಂಡುಬಂಡೆಗಳ ಬೆಟ್ಟ, ಜಾಲಿಯ ಪೊದೆ, ಕಡಲೆಕಾಯಿಯ ಹೊಲ, ಬತ್ತಿದ ಹಳ್ಳ ಬದಲಾಗುವುದಿಲ್ಲ. ಈ ಸೀಮೆಯ ಕನ್ನಡ ಮನೆಗಳ ಮಕ್ಕಳು, ದೇಶದ ಇತರ ಮಕ್ಕಳಂತೆಯೇ, ಗಡಿಯೇ ಇಲ್ಲದ ಇನ್ನೊಂದು ಸೀಮೆಯಲ್ಲಿ ದಿನದ ಒಂದೆರಡು ಗಂಟೆಗಳನ್ನು ಕಳೆಯುತ್ತಿದ್ದಾರೆ. ಅಲ್ಲಿ ಮರ ಕಡಿಯುತ್ತಾರೆ, ಗಣಿ ತೋಡುತ್ತಾರೆ, ಉಳುತ್ತಾರೆ, ಬಿತ್ತುತ್ತಾರೆ, ಕತ್ತಲಾಗುವ ಮುನ್ನ ಮನೆ ಸೇರಲು ಓಡುತ್ತಾರೆ. ಆ ಸೀಮೆಯ ಹೆಸರು ಮೈನ್‌ಕ್ರಾಫ್ಟ್.

ಈ ಆಟ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಮಾರ್ಕಸ್ ಪರ್ಸನ್ ಎಂಬ ತಂತ್ರಾಂಶಕಾರರು 2009ರ ಮೇ ತಿಂಗಳಿನಲ್ಲಿ ಇದರ ಮೊದಲ ರೂಪವನ್ನು ಹೊರತಂದರು. 2011ರ ನವೆಂಬರಿನಲ್ಲಿ ಪೂರ್ಣರೂಪ ಬಂದಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 250 ಕೋಟಿ ಡಾಲರುಗಳಿಗೆ ಇದನ್ನು ಕೊಂಡುಕೊಂಡಿತು. 2023ರ ವೇಳೆಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಇಂತಹ ಆಟಗಳನ್ನು ಸ್ಯಾಂಡ್‌ಬಾಕ್ಸ್, ಅಂದರೆ ಮರಳಿನ ಗುಂಡಿ ಎಂದು ಕರೆಯುವುದುಂಟು. ಹೊಳೆದಂಡೆಯಲ್ಲಿ ಗುಬ್ಬಿಮನೆ ಕಟ್ಟುವ ಮಗುವಿಗೆ ಹೀಗೆಯೇ ಆಡಬೇಕೆಂದು ಯಾರೂ ವಿಧಿಸುವುದಿಲ್ಲ, ಇಲ್ಲಿಯೂ ಹಾಗೆಯೇ. ಕೊಲ್ಲಬಹುದಾದ ಘಟಸರ್ಪವೊಂದು ಎಲ್ಲಿಯೋ ಇದೆ. ಅದರ ಗೊಡವೆಗೆ ಹೋಗದೆಯೇ ವರ್ಷಗಟ್ಟಲೆ ಆಡುವವರೇ ಅನೇಕರು.

ಇಡೀ ಲೋಕವು ಒಂದು ಮೀಟರು ಅಳತೆಯ ಘನಚೌಕಗಳಿಂದ ಆಗಿದೆ. ಮಣ್ಣು, ಕಲ್ಲು, ಮರ, ನೀರು ಎಲ್ಲವೂ ಚೌಕವೇ. ಗಣಕಯಂತ್ರದ ಆವೃತ್ತಿಯಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 6 ಕೋಟಿ ಚೌಕಗಳು, ಅಂದರೆ 60,000 ಕಿಲೋಮೀಟರು. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿಲೋಮೀಟರು ಎಂಬುದನ್ನು ನೆನೆದರೆ ಈ ಲೋಕದ ಹರವು ತಿಳಿದೀತು. ಇಷ್ಟನ್ನೂ ಯಾರೋ ಕುಳಿತು ಚಿತ್ರಿಸಿದ್ದಲ್ಲ. ಒಂದು ಸಂಖ್ಯೆಯಿಂದ ಲೆಕ್ಕಾಚಾರದ ಮೂಲಕ ಬೆಟ್ಟ, ಕಾಡು, ಹೊಳೆ, ಗುಹೆಗಳು ಮೂಡುತ್ತವೆ. ಆ ಸಂಖ್ಯೆಗೆ ಆಟದಲ್ಲಿ ಇರುವ ಹೆಸರು ಬೀಜ. ಹಿಂದೂಪುರದ ಹುಡುಗಿಯೊಬ್ಬಳು, ಕಲ್ಯಾಣದುರ್ಗದಲ್ಲಿರುವ ಅವಳ ಸೋದರಮಾವನ ಮಗ, ಇಬ್ಬರೂ ಒಂದೇ ಆವೃತ್ತಿಯಲ್ಲಿ ಒಂದೇ ಬೀಜವನ್ನು ಹಾಕಿದರೆ ಇಬ್ಬರಿಗೂ ಅದೇ ಬೆಟ್ಟ, ಅದೇ ತಿರುವಿನಲ್ಲಿ ಅದೇ ಹೊಳೆ. ಬೀಜ ಒಂದೇ ಆದರೂ ಮಳೆ ಒಂದೇ ಆಗದ ಈ ಸೀಮೆಯ ರೈತರಿಗೆ ಇದು ಸೋಜಿಗವಾಗಿ ತೋರಿದರೆ ಅಚ್ಚರಿಯಿಲ್ಲ.

ಬದುಕುಳಿಯುವ ಬಗೆಯಲ್ಲಿ ಆಡುವಾಗ ಆಟಗಾರನು ಬರಿಗೈಯಲ್ಲಿ ಒಂದು ಬಯಲಿನಲ್ಲಿ ಕಣ್ಣು ತೆರೆಯುತ್ತಾನೆ. ಅಲ್ಲಿನ ಒಂದು ಅಹೋರಾತ್ರಿಗೆ ನಮ್ಮ 20 ನಿಮಿಷ. ಅದರಲ್ಲಿ ತುಂಬು ಹಗಲು 10 ನಿಮಿಷ ಮಾತ್ರ. ಆ ಹತ್ತು ನಿಮಿಷಗಳಲ್ಲಿ ಮಾಡಬೇಕಾದ ಕೆಲಸಗಳಿಗೆ ಒಂದು ಕ್ರಮವಿದೆ. ಮೊದಲು ಮರವನ್ನು ಕೈಯಿಂದಲೇ ಹೊಡೆದು ದಿಮ್ಮಿಯನ್ನು ಪಡೆಯಬೇಕು. ಒಂದು ದಿಮ್ಮಿಗೆ ನಾಲ್ಕು ಹಲಗೆ, ಎರಡು ಹಲಗೆಗೆ ನಾಲ್ಕು ಕಡ್ಡಿ. ನಾಲ್ಕು ಹಲಗೆಗಳಿಂದ ಒಂದು ಕೆಲಸದ ಮೇಜು. ಮೂರು ಹಲಗೆ ಮತ್ತು ಎರಡು ಕಡ್ಡಿಗಳಿಂದ ಮರದ ಪಿಕಾಸಿ. ಮರದ ಪಿಕಾಸಿಯಿಂದ ಕಲ್ಲನ್ನು ಒಡೆಯಬಹುದು, ಕಬ್ಬಿಣದ ಅದಿರನ್ನು ಆಗದು. ಕಲ್ಲಿನ ಪಿಕಾಸಿಯಿಂದ ಕಬ್ಬಿಣ ದೊರಕೀತು, ವಜ್ರ ದೊರಕದು. ಎಂಟು ಕಲ್ಲುಗಳಿಂದ ಕುಲುಮೆ. ಕುಲುಮೆಯಲ್ಲಿ ದಿಮ್ಮಿಯನ್ನು ಸುಟ್ಟರೆ ಇದ್ದಿಲು. ಒಂದು ಇದ್ದಿಲು, ಒಂದು ಕಡ್ಡಿ ಸೇರಿದರೆ ನಾಲ್ಕು ಪಂಜು. ಪಂಜು ಇಲ್ಲದವನಿಗೆ ಮೊದಲ ರಾತ್ರಿಯೇ ಕೊನೆಯ ರಾತ್ರಿ. ಕತ್ತಲಲ್ಲಿ ಹೆಣಗಳು ಎದ್ದು ನಡೆಯುತ್ತವೆ, ಅಸ್ಥಿಪಂಜರಗಳು ಬಾಣ ಬಿಡುತ್ತವೆ, ಕ್ರೀಪರ್ ಎಂಬ ಹಸಿರು ಜೀವಿಯೊಂದು ಸದ್ದಿಲ್ಲದೆ ಬೆನ್ನ ಹಿಂದೆ ಬಂದು ಸಿಡಿಯುತ್ತದೆ. ಸತ್ತರೆ ಮತ್ತೆ ಹುಟ್ಟಬಹುದು. ಆದರೆ ಹೊತ್ತು ತಂದದ್ದೆಲ್ಲ ಸತ್ತ ಜಾಗದಲ್ಲಿಯೇ ಚೆಲ್ಲಿರುತ್ತದೆ. ಐದು ನಿಮಿಷದೊಳಗೆ ಆಯ್ದುಕೊಳ್ಳದಿದ್ದರೆ ಅದೂ ಇಲ್ಲ. ನಿಂತ ನೆಲವನ್ನೇ ನೇರ ಕೆಳಗೆ ತೋಡಬಾರದು ಎಂಬುದು ಹಳೆಯ ಆಟಗಾರರು ಹೊಸಬರಿಗೆ ಹೇಳುವ ಮೊದಲ ಮಾತು. ಕೆಳಗೆ ಕುದಿಯುವ ಲಾವಾ ಇರಬಹುದು. ಬಾವಿ ತೋಡಿದ ಯಾವ ಒಡ್ಡನಿಗೂ ಈ ಬುದ್ಧಿಯನ್ನು ಬೇರೆಯಾಗಿ ಹೇಳಿಕೊಡಬೇಕಾಗಿರಲಿಲ್ಲ.

ಮೇಲಿನ ವಿವರದಲ್ಲಿ ಬಂದ ವಸ್ತುಗಳನ್ನು ಒಮ್ಮೆ ನೋಡಬೇಕು. ಕೊಡಲಿ, ಗುದ್ದಲಿ, ಸಲಿಕೆ, ಪಿಕಾಸಿ, ಕುಲುಮೆ, ಇದ್ದಿಲು, ಪಂಜು. ಮುಂದೆ ಹೋದಂತೆ ಕಮ್ಮಾರನ ಅಡಿಗಲ್ಲು ಬರುತ್ತದೆ, ಮಗ್ಗ ಬರುತ್ತದೆ, ಕುರಿಯ ಉಣ್ಣೆಯನ್ನು ಕತ್ತರಿಸುವ ಕತ್ತರಿ ಬರುತ್ತದೆ, ಜೇಡಿಮಣ್ಣು, ಗರಸು, ಇಟ್ಟಿಗೆ, ಜೇನುಪೆಟ್ಟಿಗೆ ಬರುತ್ತವೆ. ಅತ್ಯಾಧುನಿಕವೆಂದು ಹಿರಿಯರು ಹೆದರುವ ಈ ಆಟದ ಒಳಗಿರುವುದು ಹಳ್ಳಿಯ ಕಸುಬುಗಳ ಒಂದು ಉಗ್ರಾಣ. ಕಲ್ಯಾಣದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಯಾವ ತಾತನನ್ನು ಕೇಳಿದರೂ ಇವುಗಳಲ್ಲಿ ಬಹುಪಾಲಿಗೆ ಹೆಸರು ಹೇಳಬಲ್ಲ. ಹೆಸರಿನ ಜೊತೆಗೆ ಹಿಡಿಯ ಮರ ಯಾವುದಿರಬೇಕು, ಅಲಗನ್ನು ಎಷ್ಟು ದಿನಕ್ಕೊಮ್ಮೆ ತಟ್ಟಿಸಬೇಕು ಎಂಬುದನ್ನೂ ಸೇರಿಸಬಲ್ಲ. ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಕುಳಿತ ಮೊಮ್ಮಗನು ಆ ವಸ್ತುಗಳನ್ನೆಲ್ಲ ದಿನವೂ ಕೈಯಾಡಿಸುತ್ತಾನೆ, ಅವುಗಳ ಬಳಕೆಯನ್ನು ಚೆನ್ನಾಗಿ ಬಲ್ಲ. ಆದರೆ ಅವನ ಬಾಯಿಯಲ್ಲಿರುವುದು ಪಿಕ್‌ಆಕ್ಸ್, ಫರ್ನೇಸ್, ಟಾರ್ಚ್. ಟಾರ್ಚ್ ಎಂದರೆ ತಾತನಿಗೆ ರಾತ್ರಿ ಮೋಟರು ಹಾಕಲು ಹೋಗುವಾಗ ಹಿಡಿಯುವ ಬ್ಯಾಟರಿ. ಒಂದೇ ವಸ್ತುವಿನ ಬಗ್ಗೆ ಇಬ್ಬರೂ ಬಲ್ಲರು, ಮಾತಾಡಲು ನಡುವೆ ಪದವಿಲ್ಲ.

ಇದರಲ್ಲಿ ತೆಲುಗಿನ ತಪ್ಪೇನೂ ಇಲ್ಲ. ಈ ಭಾಗದಲ್ಲಿ ಎರಡು ಭಾಷೆಗಳೂ ಒಂದೇ ಅಂಗಳದಲ್ಲಿ ಬೆಳೆದವು. ನಮ್ಮ ಕುಲುಮೆ ಅವರಿಗೆ ಕೊಲಿಮಿ. ನಮ್ಮ ದೀವಟಿಗೆ ಅವರಿಗೆ ದಿವಿಟಿ. ಬಿಂದಿಗೆ ಅವರಿಗೆ ಬಿಂದೆ. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಎಂದು ಬದುಕಿದ ತಲೆಮಾರುಗಳಲ್ಲಿ ಈ ಪದಗಳು ಒಂದನ್ನೊಂದು ಕಾಯುತ್ತಿದ್ದವು. ಈಗ ಎರಡೂ ಮನೆಗಳ ಮಕ್ಕಳ ಬಾಯಿಂದ ಅವು ಒಟ್ಟಿಗೇ ಜಾರುತ್ತಿವೆ.

ಆಟದಲ್ಲಿ ಈ ಸೀಮೆಯವರಿಗೆ ಎಲ್ಲಕ್ಕಿಂತ ಹೆಚ್ಚು ವಿಚಿತ್ರವಾಗಿ ತೋರುವುದು ನೀರು. ನೆಲದಲ್ಲಿ ಎರಡು ಚೌಕ ಉದ್ದ, ಎರಡು ಚೌಕ ಅಗಲದ ಗುಂಡಿ ತೋಡಿ, ಎದುರುಬದುರು ಮೂಲೆಗಳಿಗೆ ಒಂದೊಂದು ಬಕೀಟು ನೀರು ಸುರಿದರೆ ಸಾಕು. ಆ ಗುಂಡಿ ಎಂದಿಗೂ ಬತ್ತುವುದಿಲ್ಲ. ಎಷ್ಟು ಸೇದಿದರೂ ಮತ್ತೆ ತುಂಬಿಕೊಳ್ಳುತ್ತದೆ. ಒಂದು ಚೌಕ ನೀರು ತನ್ನ ನಾಲ್ಕೂ ಕಡೆಗೆ ನಾಲ್ಕು ಚೌಕಗಳವರೆಗಿನ ಹೊಲವನ್ನು ತೇವವಾಗಿಡುತ್ತದೆ. ಗೋಧಿ, ಗಜ್ಜರಿ, ಆಲೂಗಡ್ಡೆ, ಕಬ್ಬು, ಕಲ್ಲಂಗಡಿ ಬೆಳೆಯುತ್ತವೆ. ಕಡಲೆಕಾಯಿ ಇಲ್ಲ. ಅನಂತಪುರ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರು. ಅದೂ ಬೇಕಾದಾಗ ಬಾರದೆ ಬೇಡವಾದಾಗ ಬರುವುದು ವಾಡಿಕೆ. ಸಾಲ ಮಾಡಿ ಕೊರೆಸಿದ ಕೊಳವೆಬಾವಿ ಧೂಳನ್ನು ಉಗುಳಿದ್ದನ್ನು ಕಂಡ ಮನೆಯ ಮಗುವಿಗೆ, ಎರಡು ಬಕೀಟಿನ ಈ ಅಕ್ಷಯಪಾತ್ರೆ ಹೇಗೆ ಕಾಣುತ್ತದೆಯೋ ದೊಡ್ಡವರು ಕೇಳಿ ತಿಳಿಯಬೇಕು.

ಕಲ್ಯಾಣದುರ್ಗದ ಕಡೆಯ ಭೈರವಾನಿತಿಪ್ಪ ಜಲಾಶಯದ ಕಥೆಯನ್ನು ಆ ಮಗುವಿಗೆ ಇದೇ ಸಂದರ್ಭದಲ್ಲಿ ಹೇಳಬಹುದು. ಅದು ವೇದಾವತಿಗೆ ಕಟ್ಟಿದ ಅಣೆ. ಅದೇ ನದಿಗೆ ಮೇಲ್ಭಾಗದಲ್ಲಿ, ಹಿರಿಯೂರಿನ ಬಳಿ, ಮೈಸೂರು ಸಂಸ್ಥಾನದವರು ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತ್ತು. ಆ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ತರುವಾಯ. ಮೇಲಿನವರ ಕೆರೆ ತುಂಬಿ ಹರಿದರೆ ಕೆಳಗಿನವರಿಗೆ ನೀರು ಎಂಬ ನಿಯಮವನ್ನು ಆಟದ ಲೆಕ್ಕಾಚಾರದಲ್ಲಿ ಯಾರೂ ಸೇರಿಸಿಲ್ಲ. ಅಲ್ಲಿ ಕೆಳಗಿನವರೂ ಇಲ್ಲ, ರಾಜ್ಯವೂ ಇಲ್ಲ, ನ್ಯಾಯಾಧಿಕರಣವೂ ಇಲ್ಲ.

ವಜ್ರದ ವಿಷಯದಲ್ಲಿ ಮಾತ್ರ ಆಟಕ್ಕಿಂತ ಊರೇ ಹೆಚ್ಚು ಸ್ವಾರಸ್ಯಕರ. ಆಟದಲ್ಲಿ ವಜ್ರಗಳು ನೆಲದ ತಳದಲ್ಲಿ, ಲಾವಾ ಕೆರೆಗಳ ನೆರೆಯಲ್ಲಿ ಅಡಗಿರುತ್ತವೆ. ಗಂಟೆಗಟ್ಟಲೆ ಸುರಂಗ ತೋಡಬೇಕು. ಕಲ್ಯಾಣದುರ್ಗಕ್ಕೆ ಉತ್ತರದಲ್ಲಿರುವ ವಜ್ರಕರೂರಿನ ಹೆಸರಿನಲ್ಲಿಯೇ ವಜ್ರವಿದೆ. ಭೂಗರ್ಭದಲ್ಲಿ ನೂರಾರು ಕಿಲೋಮೀಟರು ಆಳದಿಂದ ಉಕ್ಕಿಬಂದ ಕಿಂಬರ್ಲೈಟ್ ಎಂಬ ಶಿಲೆಯ ಕೊಳವೆಗಳು ಅಲ್ಲಿವೆ. ವಜ್ರಗಳನ್ನು ಮೇಲಕ್ಕೆ ಹೊತ್ತು ತಂದದ್ದು ಅವೇ. ಮುಂಗಾರಿನ ಮೊದಲ ಮಳೆಗಳು ಮೇಲ್ಮಣ್ಣನ್ನು ತೊಳೆದೊಡನೆ ಆ ಕಡೆಯ ಹೊಲಗಳಲ್ಲಿಯೂ ಕರ್ನೂಲು ಸೀಮೆಯ ಜೊನ್ನಗಿರಿ, ತುಗ್ಗಲಿಗಳ ಹೊಲಗಳಲ್ಲಿಯೂ ಜನ ಬುತ್ತಿ ಕಟ್ಟಿಕೊಂಡು ಬಂದು ತಲೆ ಬಗ್ಗಿಸಿ ಹುಡುಕುತ್ತಾರೆ. ಅವರ ಕೈಯಲ್ಲಿ ಪಿಕಾಸಿಯೂ ಇರುವುದಿಲ್ಲ. ಆಟದಲ್ಲಿ ವಜ್ರವನ್ನು ಅರಸುವ ಹುಡುಗನಿಗೆ ತನ್ನದೇ ಸೀಮೆಯ ಈ ಸಂಗತಿ ಗೊತ್ತಿಲ್ಲದಿದ್ದರೆ ಅದು ಆಟದ ಕೊರತೆಯಲ್ಲ.

ಕಟ್ಟುವವರಿಗೆ ಹಿಂದೂಪುರದ ನೆರೆಯಲ್ಲಿಯೇ ಲೇಪಾಕ್ಷಿ ಇದೆ. ಅಚ್ಯುತದೇವರಾಯನ ಕಾಲದಲ್ಲಿ ಪೆನುಕೊಂಡೆಯ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯ ಅದು. 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಅಲ್ಲಿನ ಶಾಸನಗಳಲ್ಲಿ ಕನ್ನಡದವೂ ಇವೆ. ಒಂದು ಚೌಕಕ್ಕೆ ಒಂದು ಮೀಟರು ಎಂದು ಲೆಕ್ಕ ಹಾಕಿದರೆ ಲೇಪಾಕ್ಷಿಯ ಏಕಶಿಲಾ ಬಸವಣ್ಣ ಎಂಟು ಚೌಕ ಉದ್ದ, ಐದಕ್ಕೂ ಕಡಿಮೆ ಚೌಕ ಎತ್ತರ ಬರುತ್ತಾನೆ. ಅಷ್ಟರಲ್ಲಿ ಕೊರಳ ಗಂಟೆಯ ಸರ ಮೂಡಿಸುವುದು ಸಾಧ್ಯವಿಲ್ಲ; ಅಳತೆಯನ್ನು ಹಲವು ಪಟ್ಟು ಹಿಗ್ಗಿಸಬೇಕು. ಆ ಲೆಕ್ಕದಲ್ಲಿಯೇ ಮಗು ಅನುಪಾತದ ಪಾಠವನ್ನು ಕಲಿತಿರುತ್ತದೆ. ನೆಲಕ್ಕೆ ತಾಗದೆ ನಿಂತಿದೆಯೆಂದು ಪ್ರವಾಸಿಗರು ಬಟ್ಟೆ ತೂರಿಸಿ ನೋಡುವ ಕಂಬ ಮಾತ್ರ ಆಟದಲ್ಲಿ ಬಲು ಸುಲಭ. ಅಲ್ಲಿ ಮರಳು, ಗರಸಿನಂತಹ ಕೆಲವನ್ನು ಬಿಟ್ಟರೆ ಯಾವ ಚೌಕವೂ ಆಧಾರ ತಪ್ಪಿದರೂ ಬೀಳುವುದಿಲ್ಲ. ಇಂತಹ ಕಟ್ಟುವಿಕೆ ಹೊರಗೆ ಮಕ್ಕಳಾಟವಾಗಿಯೇ ಉಳಿದಿಲ್ಲ: ಡೆನ್ಮಾರ್ಕಿನ ಸರ್ಕಾರಿ ಭೂಮಾಪನ ಸಂಸ್ಥೆ 2014ರಲ್ಲಿ ತನ್ನ ಇಡೀ ದೇಶವನ್ನು ನಿಜದ ಅಳತೆಯಲ್ಲಿ ಈ ಆಟದೊಳಗೆ ಮೂಡಿಸಿ ಶಾಲೆಗಳಿಗೆ ಒದಗಿಸಿತು.

ತಂದೆತಾಯಿಯರು ಕೇಳುವ ಕಾನೂನಿನ ಪ್ರಶ್ನೆಗಳು ಎರಡೋ ಮೂರೋ. 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯಿದೆ ನಿಷೇಧಿಸಿರುವುದು ಹಣ ಪಣವಿಡುವ ಆಟಗಳನ್ನು. ಪಣವಿಲ್ಲದ ಇಂತಹ ಆಟವನ್ನಲ್ಲ. 1872ರ ಕರಾರು ಕಾಯಿದೆಯ 11ನೆಯ ಕಲಮಿನಂತೆ ಅಪ್ರಾಪ್ತವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಂತಹ ಕರಾರು ಆರಂಭದಿಂದಲೇ ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಷ್ಟು ಹಿಂದೆಯೇ ಮೋಹರಿ ಬೀಬಿ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ತುಂಬದವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆಯನ್ನು ಬೇಡುತ್ತದೆ. ಇಷ್ಟೆಲ್ಲ ಇದ್ದರೂ ಆಟದ ಅಂಗಡಿಯಲ್ಲಿ ತಂದೆಯ ಖಾತೆಯಿಂದ ಹೋದ ಹಣವನ್ನು ಹಿಂಪಡೆಯುವುದು ಸುಲಭವಲ್ಲ. ಹಣಪಾವತಿಯ ಗುಪ್ತಸಂಖ್ಯೆಯನ್ನು ಮಗುವಿಗೆ ತಿಳಿಸದಿರುವುದು ಯಾವ ಕಲಮಿಗಿಂತಲೂ ಮೇಲು. ಅಪರಿಚಿತರೊಡನೆ ಕೂಡಿ ಆಡುವ ಸರ್ವರುಗಳ ಬದಲು ಪರಿಚಿತರ ಲೋಕದಲ್ಲಿ ಮಾತ್ರ ಆಡಲು ಬಿಡುವುದೂ ಹಾಗೆಯೇ. ಬೆಲೆಯೇ ಹೊರೆಯಾದ ಮನೆಗಳಿಗೆ ಲುಆಂಟಿ ಎಂಬ ಮುಕ್ತ ತಂತ್ರಾಂಶವಿದೆ. ಮಿನಿಟೆಸ್ಟ್ ಎಂಬ ಹಳೆಯ ಹೆಸರನ್ನು ಅದು 2024ರಲ್ಲಿ ಬದಲಿಸಿಕೊಂಡಿತು. ಅದಕ್ಕೆ ಕಾಸು ಕೊಡಬೇಕಾಗಿಲ್ಲ.

ಇನ್ನುಳಿದದ್ದು ಭಾಷೆಯ ಪ್ರಶ್ನೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ 1956ರಿಂದ ಸರ್ಕಾರಗಳಿಗೆ ಹೇಳುತ್ತಿದೆ. ಆ ಅನುಚ್ಛೇದವನ್ನು ಹಿಡಿದು ಶಾಲೆಗೆ ಕನ್ನಡ ಶಿಕ್ಷಕರನ್ನು ಕೇಳಬಹುದು, ಪಠ್ಯಪುಸ್ತಕವನ್ನು ಕೇಳಬಹುದು. ಶಾಲೆ ಬಿಟ್ಟ ಮೇಲೆ ಮಗು ಬದುಕುವ ಲೋಕಕ್ಕೆ ಅದು ತಲುಪುವುದಿಲ್ಲ. ಖಾಸಗಿ ಸಂಸ್ಥೆಯೊಂದು ತನ್ನ ಆಟವನ್ನು ಯಾವ ಭಾಷೆಯಲ್ಲಿ ಕೊಡಬೇಕೆಂದು ವಿಧಿಸುವ ಕಾನೂನು ಇಲ್ಲ.

ಆದರೂ ಮೈನ್‌ಕ್ರಾಫ್ಟ್‌ನ ಗಣಕಯಂತ್ರದ ಜಾವಾ ಆವೃತ್ತಿಯಲ್ಲಿ ಕನ್ನಡವಿದೆ. ಯಾವ ಸರ್ಕಾರದ ಆದೇಶದಿಂದಲೂ ಅದು ಬಂದದ್ದಲ್ಲ. ಕ್ರೌಡಿನ್ ಎಂಬ ಅನುವಾದ ವೇದಿಕೆಯಲ್ಲಿ ಸ್ವಯಂಸೇವಕರು ಒಂದೊಂದು ಪದಕ್ಕೂ ಸಾಟಿಯನ್ನು ಸೂಚಿಸುತ್ತಾರೆ, ಇತರರು ಮತ ಹಾಕುತ್ತಾರೆ, ಪರಿಶೀಲಕರು ಒಪ್ಪುತ್ತಾರೆ. ಖಾತೆ ತೆರೆದ ಯಾರು ಬೇಕಾದರೂ ಪದ ಸೂಚಿಸಬಹುದು. ಊರಿನ ಹೆಸರನ್ನಾಗಲಿ ರಾಜ್ಯವನ್ನಾಗಲಿ ಅಲ್ಲಿ ಯಾರೂ ಕೇಳುವುದಿಲ್ಲ. ನಗರದಲ್ಲಿ ಬೆಳೆದು, ಅಡಿಗಲ್ಲನ್ನು ಕಣ್ಣಾರೆ ಕಾಣದವರು ನಿಘಂಟನ್ನು ನೋಡಿ ಪದ ಹಾಕುವುದಕ್ಕೂ, ಅದರ ಮೇಲೆ ಕುಡುಗೋಲು ಬಡಿಸಿಕೊಂಡು ಬಂದವರನ್ನು ಕೇಳಿ ಹಾಕುವುದಕ್ಕೂ ವ್ಯತ್ಯಾಸವಿದೆ. ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳ ಕಾಲೇಜು ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆಯಲ್ಲಿ ತಮ್ಮ ಹಳ್ಳಿಗಳ ಕಸುಬಿನ ಪದಗಳನ್ನು ಬರೆದುಕೊಂಡರೆ ಆ ಪಟ್ಟಿ ಈ ಕೆಲಸಕ್ಕೂ ಆದೀತು, ನಾಳೆ ಯಾವ ನಿಘಂಟುಕಾರರಿಗೂ ಆದೀತು. ಗಡಿಯ ಈಚೆಗೆ ಉಳಿದ ಕನ್ನಡವು ರಾಜಧಾನಿಯ ಕನ್ನಡಕ್ಕೆ ಏನನ್ನಾದರೂ ಕೊಡುವ ಅವಕಾಶಗಳು ಹೆಚ್ಚಿಲ್ಲ, ಇದು ಅವುಗಳಲ್ಲೊಂದು.

ಗಣಕಯಂತ್ರವಿರುವವರು ಆಟದ ಆಯ್ಕೆಗಳ ಪುಟದಲ್ಲಿ ಭಾಷೆಗಳ ಪಟ್ಟಿಯನ್ನು ತೆರೆದು ಕನ್ನಡವನ್ನು ಆರಿಸಿಕೊಳ್ಳಬಹುದು. ಈ ಊರುಗಳ ಬಹುಪಾಲು ಮನೆಗಳಲ್ಲಿ ಇರುವುದು ಗಣಕಯಂತ್ರವಲ್ಲ, ಮೊಬೈಲು. ಮೊಬೈಲಿನ ಆವೃತ್ತಿಯ ಭಾಷೆಗಳನ್ನು ಆರಿಸುವವರು ಸ್ವಯಂಸೇವಕರಲ್ಲ, ಸಂಸ್ಥೆಯೇ. ಆ ಪಟ್ಟಿಯಲ್ಲಿ ಕನ್ನಡವೂ ಇಲ್ಲ, ತೆಲುಗೂ ಇಲ್ಲ.