ಹೆಂಚಿನ ಕೆಳಗೊಂದು ಹೊದಿಕೆ

ಹೆಂಚು ಒಡೆಯದೆ ಮನೆ ಸೋರುವುದೇಕೆಂದು ವಾಚನಾಲಯದ ಬಾಂಧವರು ನಮ್ಮನ್ನು ಕೇಳುವುದುಂಟು. ಗಾಳಿ ಬಿರುಸಾದಾಗ ಮಳೆ ಹೆಂಚಿನ ಸಂದಿಯೊಳಗೆ ನುಗ್ಗುತ್ತದೆ. ಬಾಸೆಲ್ ಮಿಶನ್ನಿನವರು 1865ರಿಂದ ತಯಾರಿಸತೊಡಗಿದ ಮಂಗಳೂರು ಹೆಂಚಿಗೂ ಇದು ತಪ್ಪಿದ್ದಲ್ಲ. ಆ ನೀರನ್ನು ಸೂರಿನಾಚೆ ಸಾಗಿಸುವುದು, ಹೆಂಚಿನಡಿಯ ಹಲಗೆಗೆ ಹಾಸುವ ಡಾಂಬರು ಹಾಳೆ.

ಅದನ್ನು ಸೂರಿನಿಂದ ಮೇಲಕ್ಕೆ ಹಾಸುತ್ತ ಹೋಗಬೇಕು. ಮೇಲಿನ ಹಾಳೆ ಕೆಳಗಿನದನ್ನು ಕನಿಷ್ಠ 4 ಅಂಗುಲ ಮುಚ್ಚಬೇಕು. ತಿರುವುಮುರುವಾದರೆ ನೀರು ಒಳಗಿಳಿದು ತೊಲೆ ಕೊಳೆಯುತ್ತದೆ. ಹಾಳೆಯ ಮೇಲೆ ಇಳಿಜಾರಿನುದ್ದಕ್ಕೆ ಪಟ್ಟಿ ಬಡಿದು, ಅನಂತರ ಅಡ್ಡರೀಪು ಹಾಕಿಸಬೇಕು. ಇಲ್ಲವಾದರೆ ರೀಪಿನ ಬಳಿ ನೀರು ನಿಲ್ಲುತ್ತದೆ.

ಹೆಂಚು ಇಳಿಸಿದಾಗಲೇ ಈ ಕೆಲಸ ಸಾಧ್ಯ. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಿ ಮಾಡು ರಿಪೇರಿ ಮಾಡಿಸುವವರು ಬಡಗಿಯ ಪಕ್ಕದಲ್ಲಿ ನಿಂತು ಇವಿಷ್ಟನ್ನು ನೋಡಿಕೊಳ್ಳಲಿ. ಇಲ್ಲಿ ಬೆವರು ಸುರಿಸಿ ಕಳಿಸಿದ ಹಣ ಅಲ್ಲಿ ಮಳೆನೀರಿನಲ್ಲಿ ಹೋಗಬಾರದೆಂದು ನಮ್ಮ ಬಿನ್ನಹ.