ರಜೆಗೆ ಊರಿಗೆ ಹೊರಟಿದ್ದೀರಾ? ಕುಂಡದ ಗಿಡಗಳು ತಾವೇ ನೀರು ಕುಡಿಯುವ ಬತ್ತಿ ವಿಧಾನ ಹೀಗಿದೆ

ಮೇ ತಿಂಗಳು ಬಂತೆಂದರೆ ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ನೆಲೆಸಿರುವ ಕನ್ನಡಿಗರು ಮಕ್ಕಳ ರಜೆಗೆಂದು ಊರಿನ ರೈಲು ಹತ್ತುತ್ತಾರೆ. ಹಾಲು, ಪೇಪರ್ ನಿಲ್ಲಿಸಿ ಮನೆಗೆ ಬೀಗ ಹಾಕಬಹುದು. ಆದರೆ ಬಾಲ್ಕನಿಯಲ್ಲಿರುವ ತುಳಸಿ, ಮೆಣಸಿನಕಾಯಿ, ಕರಿಬೇವಿನ ಗಿಡಗಳಿಗೆ ನೀರು ಹಾಕುವವರು ಯಾರು?

ಅಲ್ಲಿನ ಬಿಸಿಲು ಸಾಮಾನ್ಯದ್ದಲ್ಲ. 2016ರ ಮೇ 20ರಂದು ಅಹಮದಾಬಾದ್‌ನಲ್ಲಿ 48 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿತ್ತು. 2010ರ ಭೀಕರ ಬಿಸಿಗಾಳಿಯ ನಂತರ, 2013ರಲ್ಲಿ ಆ ನಗರ ಬಿಸಿಗಾಳಿ ಎದುರಿಸಲೆಂದೇ ಪ್ರತ್ಯೇಕ ಕ್ರಿಯಾಯೋಜನೆ ರೂಪಿಸಿತು. ಇಂಥ ಬಿಸಿಲಲ್ಲಿ ಸಣ್ಣ ಕುಂಡದ ಮಣ್ಣು ಒಂದೇ ದಿನದಲ್ಲಿ ಒಣಗಬಹುದು. ಇದಕ್ಕೆ ಕಡಿಮೆ ಖರ್ಚಿನ, ಕರೆಂಟ್ ಬೇಡದ ಪರಿಹಾರವೇ ಬತ್ತಿ ವಿಧಾನ.

ಇದು ಹೇಗೆ ಕೆಲಸ ಮಾಡುತ್ತದೆ?

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವುದನ್ನು ನೋಡಿದ್ದೀರಲ್ಲ, ಇಲ್ಲಿಯೂ ಅದೇ ತತ್ವ. ಬತ್ತಿಯ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ನೀರು ತಾನಾಗಿಯೇ ಮೇಲೇರುತ್ತದೆ. ಇದನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ. ಮಣ್ಣು ಒಣಗಿದಂತೆ ಹೆಚ್ಚು ನೀರು ಏರುತ್ತದೆ, ಮಣ್ಣು ತೇವವಾಗಿದ್ದರೆ ಏರುವುದು ನಿಧಾನವಾಗುತ್ತದೆ. ಅಂದರೆ ಗಿಡ ಕುಡಿದಷ್ಟೇ ನೀರು ಪೂರೈಕೆಯಾಗುತ್ತದೆ. 2014ರಲ್ಲಿ ನಾಸಾ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದ 'ವೆಜ್ಜಿ' ಎಂಬ ತರಕಾರಿ ಬೆಳೆಯುವ ಘಟಕದಲ್ಲೂ ಬೇರಿಗೆ ನೀರು ಮುಟ್ಟಿಸಲು ಬತ್ತಿಯನ್ನೇ ಬಳಸಲಾಗಿದೆ.

ಮನೆಯಲ್ಲೇ ಮಾಡುವ ವಿಧಾನ

1. ಪಾಲಿಯೆಸ್ಟರ್ ಅಥವಾ ನೈಲಾನ್‌ನ ಹೆಣೆದ ಹಗ್ಗ ತೆಗೆದುಕೊಳ್ಳಿ. ಹತ್ತಿ ಬತ್ತಿ ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಬೇಗ ಕೊಳೆಯುತ್ತದೆ. ತುದಿಯನ್ನು ನೀರಿನಲ್ಲಿಟ್ಟು, ನೀರು ಏರುತ್ತದೆಯೇ ಎಂದು ಮೊದಲೇ ನೋಡಿ.

2. ಹಗ್ಗವನ್ನು ಪೂರ್ತಿ ನೆನೆಸಿ, ಕುಂಡದ ತಳದ ತೂತಿನಿಂದ ಒಳಕ್ಕೆ ಎಳೆದು, ಮಣ್ಣಿನ ಅರ್ಧದಷ್ಟು ಎತ್ತರದವರೆಗೆ ಸುತ್ತಿ ಹರಡಿ. ದೊಡ್ಡ ಕುಂಡಕ್ಕೆ ಎರಡು ಬತ್ತಿ ಬೇಕು.

3. ಬರೀ ಜಿಗುಟು ಮಣ್ಣು ಬೇಡ. ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಮತ್ತು ಸ್ವಲ್ಪ ದಪ್ಪ ಮರಳು ಬೆರೆಸಿದರೆ ನೀರು ಸಮನಾಗಿ ಹರಡುತ್ತದೆ, ಬೇರಿಗೆ ಗಾಳಿಯೂ ಸಿಗುತ್ತದೆ.

4. ಕುಂಡವನ್ನು ಮುಚ್ಚಳವಿರುವ ನೀರಿನ ಡಬ್ಬದ ಮೇಲಿಟ್ಟು, ಬತ್ತಿಯ ಇನ್ನೊಂದು ತುದಿ ಡಬ್ಬದ ತಳ ಮುಟ್ಟುವಂತೆ ಬಿಡಿ. ಕುಂಡ ನೀರಿನಲ್ಲಿ ಮುಳುಗಬಾರದು.

5. ಮೊದಲ ಸಲ ಮೇಲಿನಿಂದ ಚೆನ್ನಾಗಿ ನೀರು ಹಾಕಿ. ಪೂರ್ತಿ ಒಣಗಿದ ಮಣ್ಣಿಗೆ ಬತ್ತಿಯೊಂದೇ ನೀರು ಎತ್ತಿಕೊಡಲಾರದು.

ಒಂದು ಮುಖ್ಯ ವಿಷಯ ನೆನಪಿಡಿ. ಡಬ್ಬದಲ್ಲಿ ನೀರು ಇಳಿದಂತೆ ಬತ್ತಿ ಎತ್ತಬೇಕಾದ ದೂರ ಹೆಚ್ಚಾಗಿ, ಪೂರೈಕೆ ಕಡಿಮೆಯಾಗುತ್ತದೆ. ಹಾಗಾಗಿ ಉದ್ದನೆಯ ಬಾಟಲಿಗಿಂತ ಅಗಲವಾದ, ಕಡಿಮೆ ಎತ್ತರದ ಡಬ್ಬ ಒಳ್ಳೆಯದು. ಡಬ್ಬದ ತಳಕ್ಕೂ ಕುಂಡಕ್ಕೂ 15 ಸೆಂಟಿಮೀಟರ್‌ಗಿಂತ ಹೆಚ್ಚು ಅಂತರ ಬೇಡ.

ಎಷ್ಟು ದಿನಕ್ಕೆ ಎಷ್ಟು ನೀರು?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಅಹಮದಾಬಾದ್‌ನ ಬೇಸಿಗೆಯ ಗಾಳಿ ಒಣ. ಸಮುದ್ರಕ್ಕೆ ಹತ್ತಿರವಿರುವ ಸೂರತ್‌ನ ಗಾಳಿಯಲ್ಲಿ ತೇವಾಂಶ ಹೆಚ್ಚು. ವಡೋದರಾ ಇವೆರಡರ ನಡುವೆ ಇದೆ. ಗಾಳಿ ಒಣಗಿದಷ್ಟೂ ಎಲೆಗಳಿಂದ ನೀರು ಬೇಗ ಆವಿಯಾಗುವುದರಿಂದ ಒಂದೇ ಗಿಡಕ್ಕೆ ಅಹಮದಾಬಾದ್‌ನಲ್ಲಿ ಹೆಚ್ಚು ನೀರು ಬೇಕಾಗುತ್ತದೆ.

ಆದ್ದರಿಂದ ಊರಿಗೆ ಹೊರಡುವ ಒಂದು ವಾರ ಮೊದಲೇ ಬತ್ತಿ ಅಳವಡಿಸಿ, ಡಬ್ಬದ ಮೇಲೆ ನೀರಿನ ಮಟ್ಟವನ್ನು ಗುರುತು ಮಾಡಿ. ಉದಾಹರಣೆಗೆ, 4 ದಿನದಲ್ಲಿ 2 ಲೀಟರ್ ಖಾಲಿಯಾದರೆ ದಿನಕ್ಕೆ ಅರ್ಧ ಲೀಟರ್ ಎಂದಾಯಿತು. 10 ದಿನಕ್ಕೆ 5 ಲೀಟರ್, ಮೇಲೆ ಒಂದೆರಡು ಲೀಟರ್ ಹೆಚ್ಚುವರಿ ಇರಲಿ. ಗಿಡಗಳನ್ನು ಪಶ್ಚಿಮದ ಬಿಸಿಲಿನಿಂದ ತೆಗೆದು ನೆರಳಲ್ಲಿ ಒತ್ತೊತ್ತಾಗಿ ಇಟ್ಟರೆ ಇನ್ನಷ್ಟು ನೀರು ಉಳಿಯುತ್ತದೆ. ರಜೆ ತಿಂಗಳಿಡೀ ಇದ್ದರೆ ಒಮ್ಮೆಯಾದರೂ ಡಬ್ಬ ತುಂಬಿಸಲು ಯಾರಿಗಾದರೂ ಹೇಳಿ ಹೋಗುವುದೇ ಕ್ಷೇಮ.

ಡಬ್ಬ ತೆರೆದಿಟ್ಟರೆ ಡೆಂಗಿ ಅಪಾಯ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನ ಪಾತ್ರೆಗಳಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಸಾಕು. ಅಂದರೆ ಎರಡು ವಾರದ ರಜೆ ಮುಗಿಯುವಷ್ಟರಲ್ಲಿ ನಿಮ್ಮ ಬಾಲ್ಕನಿಯೇ ಸೊಳ್ಳೆ ಉತ್ಪಾದನಾ ಕೇಂದ್ರವಾಗಬಹುದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ವಿಧಿಸುವ ನಿಯಮ ತಂದಿದೆ. ಹಾಗಾಗಿ ಮುಚ್ಚಳದಲ್ಲಿ ಬತ್ತಿ ತೂರುವಷ್ಟೇ ತೂತು ಮಾಡಿ, ಉಳಿದ ಸಂದನ್ನು ಟೇಪ್‌ನಿಂದ ಮುಚ್ಚಿ. ಕುಂಡದ ಕೆಳಗಿನ ತೆರೆದ ತಟ್ಟೆಗಳನ್ನೂ ತೆಗೆದಿಡಿ.

ಉಪ್ಪಿನ ಬಗ್ಗೆ ಎಚ್ಚರ

ಬತ್ತಿಯಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಹೋಗುವುದರಿಂದ ನೀರಿನಲ್ಲಿರುವ ಲವಣ ಮಣ್ಣಿನ ಮೇಲ್ಪದರದಲ್ಲಿ ಉಳಿಯುತ್ತದೆ. ಗಡಸು ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಬಿಳಿ ಪದರ ಕಾಣಿಸಬಹುದು. ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳವಾಗಿ ನೀರು ಹಾಕಿ ತಳದಿಂದ ಹರಿಯಲು ಬಿಡಿ. ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನು ಡಬ್ಬಕ್ಕೆ ತುಂಬಬೇಡಿ, ಅದರಲ್ಲಿ ಲವಣ ಹೆಚ್ಚು.

ಯಾವ ಗಿಡಕ್ಕೆ ಬೇಡ?

ಟೊಮೆಟೊ, ಮೆಣಸಿನಕಾಯಿ, ಪಾಲಕ್, ಪುದೀನ, ತುಳಸಿ, ಮನಿ ಪ್ಲಾಂಟ್‌ಗೆ ಈ ವಿಧಾನ ಒಗ್ಗುತ್ತದೆ. ಲೋಳೆಸರ, ಕಳ್ಳಿ, ಅಡೇನಿಯಂ, ಸ್ನೇಕ್ ಪ್ಲಾಂಟ್‌ಗೆ ಬೇಡ. ಸದಾ ತೇವವಿದ್ದರೆ ಇವುಗಳ ಬೇರು ಕೊಳೆಯುತ್ತದೆ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ, ಮಳೆಗೆ ಒಡ್ಡಿಕೊಂಡ ಕುಂಡಗಳನ್ನೆಲ್ಲ ಡಬ್ಬದಿಂದ ಇಳಿಸಿಬಿಡಿ.

ಬತ್ತಿಯ ಗೊಡವೆಯೇ ಬೇಡ ಎನ್ನುವವರಿಗೆ ಮಡಕೆಯಿದೆ. ಬಣ್ಣ, ಮೆರುಗು ಹಚ್ಚದ ಸಣ್ಣ ಮಣ್ಣಿನ ಮಡಕೆಯನ್ನು ದೊಡ್ಡ ಕುಂಡದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿದರೆ ಗೋಡೆಯಿಂದ ನೀರು ಜಿನುಗುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಕೃಷಿ ಗ್ರಂಥದಲ್ಲೇ ಈ ವಿಧಾನದ ಉಲ್ಲೇಖವಿದೆ.

ಬತ್ತಿಯಾಗಲಿ, ಮಡಕೆಯಾಗಲಿ, ಹೊರಡುವ ಹಿಂದಿನ ರಾತ್ರಿ ಕಟ್ಟಿ ಹೋಗಬೇಡಿ. ನೀವು ಮನೆಯಲ್ಲಿರುವಾಗಲೇ ಒಂದು ವಾರ ಪರೀಕ್ಷಿಸಿ ನೋಡಿ.