ಜೋಳಿಗೆ ಹಿಡಿದ ಹಿರಿಯ ಮಿತ್ರರು

ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಗಳು ಬಹುಪಾಲು ಮಳೆಯನ್ನೇ ನೆಚ್ಚಿ ಬದುಕಿದವು. ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯವುಳ್ಳ ಹೊರಕೆರೆದೇವಪುರವೂ, ಅನಾಥ ಸೇವಾಶ್ರಮದಿಂದ ನಾಡಿಗೆಲ್ಲ ಪರಿಚಿತವಾದ ಮಲ್ಲಾಡಿಹಳ್ಳಿಯೂ ಇದೇ ತಾಲ್ಲೂಕಿನವು. ಮಲ್ಲಾಡಿಹಳ್ಳಿಯ ಶ್ರೀ ರಾಘವೇಂದ್ರ ಸ್ವಾಮೀಜಿಯವರನ್ನು ನಾಡು ಯೋಗಾಚಾರ್ಯರೆಂದು ಗೌರವಿಸಿತು. ಈ ಸೀಮೆಯ ಮನೆಮನೆಗಳಿಗಾದರೋ ಅವರು ಹಿರಿಯ ಮಿತ್ರರಾಗಿದ್ದರು. ಕಾವಿಯ ದೂರವನ್ನು ಅವರ ಅಂತಃಕರಣವು ಅಳಿಸಿಹಾಕಿತ್ತು.

ಕರಾವಳಿಯ ಬಾರಕೂರಿನಲ್ಲಿ ಜನಿಸಿದ ಅವರು ಯೋಗ, ವ್ಯಾಯಾಮ, ಆಯುರ್ವೇದಗಳನ್ನು ಅಭ್ಯಾಸಮಾಡಿ ಊರೂರು ಸುತ್ತಿ ಯುವಕರಿಗೆ ಕಲಿಸಿದರು. 1943ರಲ್ಲಿ ಮಲ್ಲಾಡಿಹಳ್ಳಿಗೆ ಬಂದವರು ಅಲ್ಲಿಯೇ ನೆಲೆನಿಂತರು. ಅಲ್ಲಿ ಬೆಳೆದ ಆಶ್ರಮದಲ್ಲಿ ದಿಕ್ಕಿಲ್ಲದ ಮಕ್ಕಳಿಗೆ ಅನ್ನವೂ ಅಕ್ಷರವೂ, ರೋಗಿಗಳಿಗೆ ಔಷಧವೂ ದೊರೆತವು. 1996ರ ಆಗಸ್ಟ್ 31ರಂದು ಕಣ್ಮರೆಯಾಗುವವರೆಗೆ, ಅರ್ಧ ಶತಮಾನಕ್ಕೂ ಮಿಗಿಲಾಗಿ, ಅವರ ಬಾಳು ಆ ಹಳ್ಳಿಗೇ ಮೀಸಲಾಗಿತ್ತು.

ಲೇಖಕರೂ ಆಗಿದ್ದ ಅವರು ತಮಗೆ ತಾವೇ ಇಟ್ಟುಕೊಂಡ ಹೆಸರು ‘ತಿರುಕ’. ಆಶ್ರಮಕ್ಕಾಗಿ ಜೋಳಿಗೆ ಹಿಡಿದವರಿಗೆ ಅದು ಬರಿಯ ಕಾವ್ಯನಾಮವಾಗಿರಲಿಲ್ಲ. ಕಾಯಕವೇ ಕೈಲಾಸವೆಂದು ನಂಬಿದ ಮನೆಗಳಲ್ಲಿ ಬೆಳೆದ ನಮಗೆ ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ದುಡಿದು ಉಣ್ಣಬೇಕೆಂದ ಶರಣರ ಮಾರ್ಗಕ್ಕೂ ತಿರಿದು ತರುವ ಈ ಮಾರ್ಗಕ್ಕೂ ಹೊಂದಿಕೆಯೆಲ್ಲಿ?

ಉತ್ತರವು ಅವರ ದಿನಚರಿಯಲ್ಲಿಯೇ ಇದೆ. ಕಲಿಸುವುದು, ಚಿಕಿತ್ಸೆ ನೀಡುವುದು, ಬರೆಯುವುದು, ಇವು ಅವರ ಕಾಯಕ. ಬೇಡಿದ್ದು ತಮ್ಮ ಹೊಟ್ಟೆಗಾಗಿ ಅಲ್ಲ, ಪರರ ಮಕ್ಕಳಿಗಾಗಿ. ಆಯ್ದಕ್ಕಿ ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ತನಗೆಂದು ಕೂಡಿಡದೆ ಎಲ್ಲರ ಪಾಲಿಗೆಂದು ಸಲ್ಲಿಸುವುದೇ ದಾಸೋಹ. ಸ್ವಾಮೀಜಿಯವರು ನಮ್ಮ ಸಂಪ್ರದಾಯದಲ್ಲಿ ಹುಟ್ಟಿದವರಲ್ಲ. ಆದರೂ ಈ ತತ್ತ್ವವು ಅವರ ಬಾಳಿನಲ್ಲಿ ಹುರುಳಾಗಿ ನಿಂತಿತು.

ಜೋಳಿಗೆಗೆ ಇನ್ನೊಂದು ಗುಣವೂ ಉಂಟು. ಸಿರಿವಂತನೊಬ್ಬನು ಕಟ್ಟಿಸಿದ ಕಟ್ಟಡದಲ್ಲಿ ಬಡವನು ಅತಿಥಿ ಮಾತ್ರ. ಜೋಳಿಗೆಗೆ ಬೊಗಸೆ ರಾಗಿ ಹಾಕಿದ ತಾಯಿಯಾದರೋ ಆ ಕಾರ್ಯದಲ್ಲಿ ಪಾಲುದಾರಳು. ಕೊಟ್ಟವರಿಗೆ ಹಮ್ಮಿಲ್ಲ, ಉಂಡವರಿಗೆ ಹಂಗಿಲ್ಲ. ಸದ್ದಿಲ್ಲದ ಕರುಣೆಯು ಒಬ್ಬರಿಂದ ಹಲವರಿಗೆ ಹಬ್ಬುವ ಬಗೆ ಇದೇ.

ಹಾಗೆ ಹಬ್ಬಿದ್ದಕ್ಕೆ ಸಾಕ್ಷಿಗಳಿವೆ. ಸೂರದಾಸ್‌ಜಿಯವರು ಬಹುಕಾಲ ಅವರ ಸೇವೆಗೆ ಹೆಗಲುಕೊಟ್ಟರು. ಅವರಲ್ಲಿ ಯೋಗ ಕಲಿತವರು ಮುಂದೆ ತಾವೇ ಇತರರಿಗೆ ಕಲಿಸಿದರು. ಮಲ್ಲಾಡಿಹಳ್ಳಿಯನ್ನು ಅಭಿಮಾನಿಗಳು ‘ತಿರುಕನೂರು’ ಎಂದೇ ಕರೆದರು. ಅಲ್ಲಿ ನಡೆದ ನಾಟಕೋತ್ಸವಕ್ಕೆ ‘ರಂಗದಾಸೋಹ’ವೆಂಬ ಹೆಸರು ಬಂದಿತು. ಒಬ್ಬರ ನಡೆ ಒಂದು ಊರಿನ ನುಡಿಯಾಗುವುದೆಂದರೆ ಇದು.

ಇಂಥವರ ಸ್ಮರಣೆಯು ಭಾವಚಿತ್ರಕ್ಕೆ ಹೂಮಾಲೆ ಹಾಕಿದಲ್ಲಿಗೆ ಮುಗಿಯಲಾಗದು. ನೆರೆಮನೆಯಲ್ಲಿ ಪುಸ್ತಕಕ್ಕೆ ಹಣವಿಲ್ಲದ ಮಗುವಿರಬಹುದು. ಔಷಧ ತಂದುಕೊಡುವವರಿಲ್ಲದ ವೃದ್ಧರಿರಬಹುದು. ಇರುವವರು ಕೊಡೋಣ, ಇಲ್ಲದವರು ಇರುವವರಲ್ಲಿ ಕೇಳಿ ತಂದು ಮುಟ್ಟಿಸೋಣ. ಪರರಿಗಾಗಿ ಕೈಚಾಚಲು ನಾಚದಿರುವುದನ್ನು ನಮ್ಮ ಮಕ್ಕಳಿಗೂ ಕಲಿಸೋಣ.